ಬಲಗೆನ್ನೆಗೆ ತಾಗಬೇಕಾದ ಸದ್ದು

ನನ್ನ ಸೋದರತ್ತೆಯನ್ನು ನದಿಯ ಎರಡು ದಡದವರೂ ಕಿವಿಯಕ್ಕ ಎಂದೇ ಕರೆಯುತ್ತಾರೆ. ಅವಳ ಕಿವಿ ನೋಡಲು ಎಲ್ಲರ ಕಿವಿಯಂತೆಯೇ ಇದೆ. ಆದರೆ ಅವಳು ದೋಣಿ ನಡೆಸುವಾಗ ಮುಖವನ್ನು ಸ್ವಲ್ಪ ಓರೆ ಮಾಡಿ, ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ಕೂರುತ್ತಾಳೆ. ಹೊಸಬರು ಅದನ್ನು ನೋಡಿ ಕುತ್ತಿಗೆ ಹಿಡಿದಿದೆಯೇ ಎಂದು ಕೇಳುವುದುಂಟು.

ಆ ಕಡೆ ದಡದಲ್ಲಿ ಊರು, ಆಸ್ಪತ್ರೆ, ಮಾರುಕಟ್ಟೆ, ಅತ್ತೆಯ ಮನೆಯಲ್ಲಿದ್ದುಕೊಂಡು ನಾನು ಓದಿದ ಕಾಲೇಜು. ಈ ಕಡೆ ದಡದಲ್ಲಿ ಕೂಲಿ ಮಾಡುವವರ ಮನೆಗಳು. ನಡುವೆ ಅತ್ತೆಯ ಇಂಜಿನ್ ದೋಣಿ. ಊರಿನ ದೋಣಿಕಟ್ಟೆಯ ನೆತ್ತಿಯ ಮೇಲೆಯೇ ಗಡಿಯಾರದ ಗೋಪುರ ನಿಂತಿದೆ. ಅದರ ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ನಮಗೆ ಅದು ಚಿತ್ರದ ವಸ್ತುವಾಗಿರಲಿಲ್ಲ, ದಾರಿಯಾಗಿತ್ತು.

ದೋಣಿಯನ್ನು ಅತ್ತೆಗೆ ಕಲಿಸಿದವರು ಅವಳ ಮಾವನವರು. ಕೊನೆಗಾಲದಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಮದುವೆಯಾಗಿ ಬಂದ ಸೊಸೆಯನ್ನು ಚುಕ್ಕಾಣಿಯ ಮುಂದೆ ಕೂರಿಸಿ, ಕಣ್ಣಿಗೆ ಟವೆಲ್ಲು ಕಟ್ಟಿ, "ಈಗ ನೀನೂ ನಾನೂ ಒಂದೇ. ನಡೆಸು" ಎಂದರಂತೆ. ಊರಿನ ಕಡೆ ಮುಖ ಮಾಡಿದರೆ ನೀರು ಎಡಗಡೆಯಿಂದ ಬಲಗಡೆಗೆ ಹರಿಯುತ್ತದೆ. ಬಲಗಡೆ, ಕೆಳಗೆ, ಹಳೆಯ ಕಲ್ಲಿನ ಒಡ್ಡು ಇದೆ. ಅಲ್ಲಿ ನದಿ ಎರಡಾಳು ಕೆಳಗೆ ಬಂಡೆಗಳ ಮೇಲೆ ಬೀಳುತ್ತದೆ. ಆದ್ದರಿಂದ ದೋಣಿಯ ಮೂತಿಯನ್ನು ಯಾವಾಗಲೂ ಕಟ್ಟೆಗಿಂತ ಸ್ವಲ್ಪ ಮೇಲಕ್ಕೆ ಹಿಡಿಯಬೇಕು. ಮಂಜು ಕವಿದು ಏನೂ ಕಾಣದ ಬೆಳಿಗ್ಗೆ ಗೋಪುರದ ಕಾವಲುಗಾರ ಚಿಕ್ಕ ಗಂಟೆಯನ್ನು ಕೈಯಿಂದ ಬಾರಿಸುತ್ತಿದ್ದ, ದೋಣಿ ಕಟ್ಟೆ ಮುಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ. "ಗಂಟೆ ಸದ್ದು ಬಲಗೆನ್ನೆಗೆ ತಾಗ್ತಾ ಇರ್ಬೇಕು. ಮೂಗಿಗೆ ಬಂತೋ, ಕೆಳಕ್ಕೆ ಜಾರ್ತಿದೀಯ. ಎಡಗೆನ್ನೆಗೆ ಬಂತೋ, ಜನರನ್ನ ಒಡ್ಡಿಗೆ ಒಪ್ಪಿಸ್ತಿದೀಯ" ಎಂದು ಆ ಹಿರಿಯರು ಹೇಳಿಕೊಟ್ಟಿದ್ದರು. ಅತ್ತೆ ಅಷ್ಟನ್ನೇ ನಂಬಿ ತಲೆಗೂದಲು ಬೆಳ್ಳಗಾಗುವವರೆಗೆ ದೋಣಿ ನಡೆಸಿದಳು. ಒಬ್ಬರ ಚಪ್ಪಲಿಯೂ ನೀರುಪಾಲಾಗಿರಲಿಲ್ಲ.

ಊರಿನ ಕಟ್ಟೆಯ ಮೇಲೆ ಚೀಟಿ ಹರಿದು ಕೊಡುವವರು ಅತ್ತೆಯ ಗಂಡ, ನಮ್ಮ ಮಾವ. ಅವರ ಬಾಯಿಗೆ ಬೀಗ ಎಂಬುದೇ ಇಲ್ಲ. ಚೀಟಿ ಕೊಡುತ್ತಾ ಒಂದು ಕಥೆ, ಚಿಲ್ಲರೆ ಕೊಡುತ್ತಾ ಇನ್ನೊಂದು. ಮನೆಗೆ ಬಂದರೆ ಊಟದ ತಟ್ಟೆಯ ಮುಂದೆಯೂ ಅದೇ. ಅತ್ತೆ ಒಂದು ದಿನವೂ "ಸಾಕು, ನಿಲ್ಸಿ" ಎಂದಿದ್ದನ್ನು ನಾನು ಕೇಳಿರಲಿಲ್ಲ. ಹಾಗೆಂದರೆ ಅವರು ಯಾಕೆ ನಿಲ್ಲಿಸಬೇಕು ಎಂಬುದರ ಮೇಲೆ ಮತ್ತೊಂದು ಗಂಟೆ ಮಾತಾಡುತ್ತಿದ್ದರು. ಅವಳ ಉಪಾಯವೇ ಬೇರೆ. ಕೆಲಸ ಮಾಡುವಾಗ ಅವಳು ಸದಾ ಏನನ್ನೋ ಗುನುಗುತ್ತಿರುತ್ತಾಳೆ, ಪಾತ್ರೆ ಸದ್ದು ಮಾಡುತ್ತಿರುತ್ತಾಳೆ. ಮಾವನ ಮಾತು ವಿಪರೀತವಾದರೆ ಥಟ್ಟನೆ ಎಲ್ಲವನ್ನೂ ನಿಲ್ಲಿಸಿ ಸುಮ್ಮನೆ ನಿಂತುಬಿಡುತ್ತಾಳೆ. ಎರಡು ಕ್ಷಣ ಬಿಟ್ಟು ಮಾವ ತಾವಾಗಿಯೇ ಬಾಯಿ ಮುಚ್ಚಿ, "ಏನಾಯ್ತೇ? ಎಲ್ಲಿದೀಯಾ?" ಎಂದು ಅಡುಗೆಮನೆಗೆ ಇಣುಕುತ್ತಾರೆ.

ನಾನು ಕಾಲೇಜು ಓದುತ್ತಿದ್ದ ವರ್ಷ ಗೋಪುರದ ದುರಸ್ತಿ ಶುರುವಾಯಿತು. ಗಂಟೆಗಳನ್ನು ಹೊತ್ತ ಮರದ ತೊಲೆಗಳು ಒಳಗಿಂದ ಲಡ್ಡಾಗಿದ್ದವು. ಬಾರಿಸಿದರೆ ತೊಲೆ ಅದುರಿ ಗಂಟೆಯೇ ಕೆಳಗೆ ಬರಬಹುದು ಎಂದು ಸುತ್ತಿಗೆಗಳಿಗೆ ಚರ್ಮ ಸುತ್ತಿ ಕಟ್ಟಿಹಾಕಿದರು. ಸುತ್ತಲೂ ಬೊಂಬಿನ ಸಾರುವೆ ನಿಲ್ಲಿಸಿ, ಧೂಳು ಹಾರದಿರಲೆಂದು ತಲೆಯಿಂದ ಬುಡದವರೆಗೆ ಬಿಳಿ ಬಟ್ಟೆ ಹೊದಿಸಿದರು. ಗಂಟೆ ನಿಂತ ಮೇಲೆ ಊರಿನಲ್ಲಿ ಕೆಲಸಕ್ಕೆ ತಡವಾಗಿ ಬರುವವರಿಗೆಲ್ಲ ಒಂದು ಒಳ್ಳೆಯ ನೆಪ ಸಿಕ್ಕಿತು.

ದುರಸ್ತಿಯ ಮೇಲ್ವಿಚಾರಕರು ಮರ್ಯಾದಸ್ಥರು. ತಾವೇ ಕಟ್ಟೆಗೆ ಬಂದು ಅತ್ತೆಯೊಡನೆ ಮಾತಾಡಿದರು.

"ಮಂಜಿನ ಗಂಟೆಯೂ ಇರಲ್ಲಮ್ಮ. ನಿಮಗೆ ತೊಂದರೆ ಆಗುತ್ತೆ, ಗೊತ್ತು."

"ಮಂಜಿದ್ರೆ ದೋಣಿ ಬಿಡಲ್ಲ, ಬಿಡಿ ಸಾರ್. ಗಂಟೆ ಬಿದ್ದು ನಿಮ್ಮೋರ ತಲೆ ಹೋಗೋದು ಬೇಡ" ಎಂದಳು ಅತ್ತೆ.

ಅಲ್ಲಿಗೆ ಒಪ್ಪಂದವಾಯಿತು. ಇಬ್ಬರೂ ಒಂದು ವಿಷಯ ಮರೆತಿದ್ದರು.

ಮಂಜು ಇದೆಯೋ ಇಲ್ಲವೋ ಎಂದು ನೋಡಲು ಅತ್ತೆಗೊಂದು ಅಭ್ಯಾಸವಿತ್ತು. ಆಚೆ ದಡದ ಗೋಪುರದ ಕಡೆ ನೋಡುವುದು. ಗಡಿಯಾರದ ಕಪ್ಪು ಮುಳ್ಳು ಕಂಡರೆ ಹಗ್ಗ ಬಿಚ್ಚುವುದು, ಕಾಣದಿದ್ದರೆ ಮಂಜಿನ ಗಂಟೆಗೆ ಕಾದು ಕೂರುವುದು. ಆ ಗಡಿಯಾರವೀಗ ಬಿಳಿ ಬಟ್ಟೆಯ ಹಿಂದಿತ್ತು.

ಒಂದು ದಿನ ಬೆಳಗಿನ ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಮಾವ ಅದರಲ್ಲೇ ಆಚೆಗೆ ಹೋಗಿ ಚೀಟಿಯ ಗೂಡು ತೆರೆದರು. ಎರಡನೆಯ ಸುತ್ತಿಗೆ ನಾನು ಹತ್ತಿದೆ. ಕಾಲೇಜಿಗೆ ಹೋಗುವಾಗೆಲ್ಲ ನಾನು ಅತ್ತೆಯ ಪಕ್ಕದ ಹಲಗೆಯ ಮೇಲೆ ಕೂರುತ್ತಿದ್ದೆ. ಲೆಕ್ಕದ ಮೇಷ್ಟ್ರು ಬಂದರು. ಮೊಟ್ಟೆಯಜ್ಜಿ ಎರಡು ಬುಟ್ಟಿ ಮೊಟ್ಟೆಯನ್ನೂ, ಮೊಟ್ಟೆಗಳ ಅಮ್ಮನೆಂದು ತೋರಿಸಲು ಒಂದು ಕೋಳಿಯನ್ನೂ ತಂದಿದ್ದಳು. ಆಸ್ಪತ್ರೆಯ ಆಯಾಗಳು, ಕೂಲಿಯವರು ಸೇರಿ ದೋಣಿ ತುಂಬಿತು.

ಅತ್ತೆ ಎಂದಿನಂತೆ ಆಚೆ ದಡ ನೋಡಿದಳು. ಗೋಪುರವಿದ್ದ ಕಡೆ ಬೆಳ್ಳಗಿತ್ತು. ವಾರಗಳಿಂದ ಅಲ್ಲಿ ಬೆಳ್ಳಗೇ ಇತ್ತು. ಅವಳು ಹಗ್ಗ ಬಿಚ್ಚಿದಳು.

ನದಿಯ ನಡುವಿಗೆ ಬರುವ ಮೊದಲೇ ಆ ಬಿಳುಪು ನಮ್ಮೆಡೆಗೆ ನಡೆದು ಬಂತು. ಮೊದಲು ನೀರಿನ ಮೇಲೆ ಹೊಗೆಯಂತೆ, ಆಮೇಲೆ ಗೋಡೆಯಂತೆ. ದೋಣಿಯ ಮೂತಿಯಲ್ಲಿ ಕೂತಿದ್ದ ಮೊಟ್ಟೆಯಜ್ಜಿ ನನ್ನ ಕಣ್ಣೆದುರೇ ಮಾಸಲಾದಳು. ಹಿಂದೆ ತಿರುಗಿದರೆ ನಾವು ಬಿಟ್ಟ ದಡವೂ ಇರಲಿಲ್ಲ.

"ಬಟ್ಟೆ ಅಂದ್ಕೊಂಡೆ" ಎಂದಳು ಅತ್ತೆ, ತನಗೆ ತಾನೇ. ಅವಳ ಗುನುಗು ನಿಂತಿತ್ತು. "ಪುಟ್ಟಿ, ನಿಮ್ಮ ಮಾವಂಗೆ ಫೋನ್ ಮಾಡು."

ಮಾವ ತಕ್ಷಣ ಎತ್ತಿಕೊಂಡರು. "ಮಂಜಾ? ಇಲ್ಲೂ ಈಗ್ತಾನೇ ಇಳೀತು! ಬಿಟ್ಟಿಲ್ಲ ತಾನೇ ನೀವು? ಬಿಟ್ರಾ? ಅಯ್ಯೋ, ಅವಳ ಕಣ್ಣಿಗೇನು..."

ಅತ್ತೆ ಫೋನಿಗೆ ಬಾಯಿ ತಂದು, "ರೀ, ಏನಾದ್ರೂ ಬಾರ್ಸಿ. ಸದ್ದು ಬೇಕು" ಎಂದಳು.

ಕಟ್ಟೆಯ ಮೇಲಿಂದ ತಗಡು ಬಡಿಯುವ ಸದ್ದು ಬಂತು. ಅತ್ತೆ ಮುಖ ಓರೆ ಮಾಡಿ, ಚುಕ್ಕಾಣಿ ಎಳೆದು ಸದ್ದನ್ನು ಬಲಗೆನ್ನೆಗೆ ತಂದುಕೊಂಡಳು. ದೋಣಿಯಲ್ಲಿದ್ದವರ ಉಸಿರು ಸ್ವಲ್ಪ ಸಡಿಲವಾಯಿತು. ಮೇಷ್ಟ್ರು, "ನಿಮ್ಮ ಯಜಮಾನರಿಗೆ ಬಡಿಯೋಕೂ ಬರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದರು.

"ನಂಗೂ ಗೊತ್ತಿರ್ಲಿಲ್ಲ, ಪುಣ್ಯಕ್ಕೆ" ಎಂದಳು ಅತ್ತೆ.

ಆದರೆ ಮಾವ ಒಬ್ಬರೇ ಒಂದು ಕೆಲಸ ಮಾಡಿದವರಲ್ಲ. ದೋಣಿ ಮಂಜಿನಲ್ಲಿ ಸಿಕ್ಕಿಕೊಂಡಿದೆ, ಸದ್ದು ಮಾಡಿ ಎಂದು ಅವರು ಕೂಗಿದ್ದು ದಡದುದ್ದಕ್ಕೂ ಬಾಯಿಂದ ಬಾಯಿಗೆ ಹರಡಿತು. ನಮ್ಮವರು ದೋಣಿಯಲ್ಲಿದ್ದಾರೆ ಎಂದು ಕೇಳಿದ ಮೇಲೆ ಕೈ ಕಟ್ಟಿ ನಿಲ್ಲುವವರು ಯಾರು? ಹೋಟೆಲಿನವರು ಪಾತ್ರೆ ತಂದರು. ಲಾರಿಯವರು ಹಾರನ್ ಒತ್ತಿದರು. ಯಾರೋ ಸೀಟಿ ಊದಿದರು. ಕೆಳಗಿನ ಕಾರ್ಖಾನೆಯವರು ಕಬ್ಬಿಣದ ಗೇಟನ್ನೇ ಸಲಾಕೆಯಿಂದ ಬಡಿಯತೊಡಗಿದರು. ಮೇಲಿಂದ ಕೆಳಗಿನವರೆಗೆ ಇಡೀ ದಡ "ಈ ಕಡೆ! ಈ ಕಡೆ!" ಎಂದು ಕೂಗತೊಡಗಿತು.

ಅತ್ತೆಯ ಮುಖ ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿತು. ಮಾವನ ತಗಡು ಆ ಗದ್ದಲದಲ್ಲಿ ಮುಳುಗಿಹೋಗಿತ್ತು. ಎಲ್ಲಕ್ಕಿಂತ ಗಟ್ಟಿಯಾಗಿ, ಎಲ್ಲಕ್ಕಿಂತ ಸಮವಾಗಿ ಕೇಳುತ್ತಿದ್ದುದು ಗೇಟಿನ ಸದ್ದು. ಅದೇ ಕಟ್ಟೆಯದಿರಬೇಕೆಂದು ಅತ್ತೆ ಅದನ್ನು ಹಿಡಿದಳು. ಗೇಟು ಒಡ್ಡಿನ ಮಗ್ಗುಲಲ್ಲೇ ಇದೆ ಎಂಬುದು ದಡದವರಿಗೆಲ್ಲ ಗೊತ್ತು, ಬಡಿಯುತ್ತಿರುವುದು ಗೇಟೆಂದು ದೋಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಗ್ಗಿ ನೀರಿಗೆ ಕೈ ಇಟ್ಟಳು. ಇಟ್ಟ ಕೈಯನ್ನು ಹಾಗೆಯೇ ಹಿಡಿದಳು.

"ಏನತ್ತೆ?"

"ನೀರು ನುಣ್ಣಗಾಗಿದೆ."

ನಾನು ಹಳ್ಳಿಯವಳು, ಕಾಲುವೆಯ ಪಕ್ಕ ಬೆಳೆದವಳು. ನೀರು ಯಾವಾಗ ನುಣ್ಣಗಾಗುತ್ತದೆಂದು ನನಗೂ ತಿಳಿದಿತ್ತು. ಬೀಳುವುದಕ್ಕೆ ಮುಂಚೆ ಅದು ಅಲೆ ಬಿಟ್ಟು, ಎಣ್ಣೆಯಂತಾಗಿ, ಒಂದೇ ಕಡೆ ಎಳೆಯುತ್ತದೆ. ಬೇರೆ ದಿನವಾಗಿದ್ದರೆ ಒಡ್ಡಿನ ಮೊರೆತ ಅಷ್ಟು ಹತ್ತಿರಕ್ಕೆ ಎದೆಗೇ ಕೇಳಬೇಕಿತ್ತು. ಅಂದು ಅದು ನಮ್ಮನ್ನು ಉಳಿಸಲು ಹೊರಟವರ ಸದ್ದಿನಡಿಯಲ್ಲಿ ಹೂತುಹೋಗಿತ್ತು.

"ಮಾವಂಗೆ ಫೋನ್ ಮಾಡು. ನಿಲ್ಸಿ ಅನ್ನು. ಎಲ್ರೂ ನಿಲ್ಲಿಸ್ಬೇಕು."

ಫೋನು ಹೊಡೆದುಕೊಂಡಿತು, ನಿಂತಿತು. ಮತ್ತೆ ಮಾಡಿದೆ. ಮಾವ ತಗಡು ಬಡಿಯುತ್ತಿದ್ದರು. ಜೇಬಿನಲ್ಲಿ ಕೂಗುತ್ತಿದ್ದ ಫೋನು ಅವರಿಗೆ ಕೇಳುವುದಾದರೂ ಹೇಗೆ?

ಮೇಷ್ಟ್ರು ಎದ್ದು ನಿಂತರು. "ಎಲ್ಲರೂ ಒಟ್ಟಿಗೆ ಕೂಗೋಣ. ಸುಮ್ನಿರಿ ಅಂತ. ಒಂದು, ಎರಡು..."

ಎಲ್ಲರೂ ಗಂಟಲು ಹರಿಯುವಂತೆ ಕೂಗಿದೆವು. "ಸುಮ್ನಿರೀ!"

ದಡಕ್ಕೆ ನಮ್ಮ ಕೂಗು ಮುಟ್ಟಿತು, ಮಾತು ಮುಟ್ಟಲಿಲ್ಲ. ಮಂಜಿನೊಳಗಿಂದ ಅಷ್ಟು ಜನರ ಕಿರುಚಾಟ ಕೇಳಿ, ಮುಳುಗಿದರೆಂದೇ ತಿಳಿದ ದಡದವರು ಇನ್ನೂ ಜೋರಾಗಿ ಬಡಿದರು. ಕೈಯಲ್ಲಿ ಏನೂ ಇಲ್ಲದವರೂ ಏನಾದರೊಂದು ಹುಡುಕಿ ತಂದು ಬಡಿದರು.

"ಲಂಗರು!" ಎಂದಳು ಅತ್ತೆ. ಇಬ್ಬರು ಎತ್ತಿ ಎಸೆದರು. ಅದು ತಳ ಮುಟ್ಟಿ, ಹಿಡಿಯದೆ, ಚಪ್ಪಡಿ ಕಲ್ಲಿನ ಮೇಲೆ ಕರಕರ ಎಳೆದುಕೊಂಡು ನಮ್ಮ ಹಿಂದೆಯೇ ಬರತೊಡಗಿತು. ಹಗ್ಗದ ಆ ಕಂಪನ ಹಲಗೆಯ ಮೂಲಕ ನನ್ನ ಹಲ್ಲಿಗೆ ಬಂತು. ಒಬ್ಬ ಆಯಾ ಅಳತೊಡಗಿದಳು.

"ಅಕ್ಕಾ, ಏನಾದ್ರೂ ಮಾಡಿ" ಎಂದ ಒಬ್ಬ.

ಅತ್ತೆ ಏನೂ ಮಾಡುತ್ತಿರಲಿಲ್ಲ. ಚುಕ್ಕಾಣಿ ಹಿಡಿದು, ನಮ್ಮೆಲ್ಲರನ್ನೂ ಒಂದು ಸಲ ನೋಡಿದಳು. ಮಾತಿನ ನಡುವೆ ಮಾವ ಉಸಿರು ತೆಗೆದುಕೊಳ್ಳುವುದನ್ನು ಅಡುಗೆಮನೆಯಲ್ಲಿ ಕಾಯುತ್ತಾಳಲ್ಲ, ಅದೇ ಮುಖ. ಆಮೇಲೆ ಕೈ ಚಾಚಿ ಇಂಜಿನ್ ಆರಿಸಿಬಿಟ್ಟಳು.

"ಕೊಂದೆಯಲ್ಲೇ!" ಎಂದಳು ಮೊಟ್ಟೆಯಜ್ಜಿ.

"ಅಜ್ಜಿ, ಬಾಯಿ. ಎಲ್ರೂ ಬಾಯಿ ಮುಚ್ಚಿ. ಅಳೋರು ಸೆರಗು ಕಚ್ಕೊಳ್ಳಿ. ಕೆಮ್ಮೋ ಹಾಗಿಲ್ಲ. ನಮ್ಮ ಸದ್ದು ಇರೋವರ್ಗೂ ಅವ್ರು ನಿಲ್ಸಲ್ಲ. ನಾವು ಇಲ್ಲ ಅಂತ ಅನ್ನಿಸ್ಬೇಕು ಅವ್ರಿಗೆ."

ಒಡ್ಡಿನ ಬಾಯಲ್ಲಿ ಇಂಜಿನ್ ಆರಿಸಿ ಕೂರುವುದೆಂದರೇನು ಎಂಬುದನ್ನು ನಾನು ಬರೆದು ತಿಳಿಸಲಾರೆ. ಲಂಗರು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಬುಟ್ಟಿಯಲ್ಲಿದ್ದ ಕೋಳಿ ಕೊಕ್ ಎಂದಿತು. ಅಜ್ಜಿ ಅದನ್ನು ಎತ್ತಿ ಸೆರಗಿನೊಳಗೆ ತೂರಿಸಿ, ಎರಡೂ ಕೈಯಿಂದ ಒತ್ತಿಕೊಂಡು, ಕಣ್ಣು ಮುಚ್ಚಿದಳು. ಮೇಷ್ಟ್ರ ತುಟಿ ಏನನ್ನೋ ಎಣಿಸುತ್ತಿತ್ತು.

ಮೊದಲು ಮೇಲಿನ ಕಡೆಯ ಹಾರನ್ ನಿಂತಿತು. ಆಮೇಲೆ ಸೀಟಿ. "ಶ್... ಇಂಜಿನ್ ಸದ್ದಿಲ್ಲ" ಎಂದು ಯಾರೋ ಯಾರಿಗೋ ಹೇಳಿರಬೇಕು. ಪಾತ್ರೆಗಳು ಒಂದೊಂದಾಗಿ ಸುಮ್ಮನಾದವು. ಕೊನೆಗೆ ಗೇಟು ಎರಡು ಸಲ ಠಣ್ ಎಂದು ತಡೆಯಿತು.

ಆಗ ಒಡ್ಡು ಕೇಳಿಸಿತು. ಬಲಗಡೆ, ಇಲ್ಲೇ, ನಾನು ಕೈ ಚಾಚಿದರೆ ಸಿಗುವುದೇನೋ ಎಂಬಷ್ಟು ಹತ್ತಿರ. ದೋಣಿಯವರೆಲ್ಲ ಎಡಗಡೆಗೆ ವಾಲಿದರು. ಯಾರೂ ಕೂಗಲಿಲ್ಲ. ಅದನ್ನು ನೆನೆದರೆ ಈಗಲೂ ಅವರ ಮೇಲೆ ಗೌರವ ಬರುತ್ತದೆ.

ಆ ಮೊರೆತದ ಮೇಲೆ, ತುಂಬಾ ದೂರದಿಂದ, ಎಡಗಡೆಯಿಂದ, ಒಡೆದ ದನಿಯೊಂದು ಬಂತು.

"ಲೇ... ಇದೀಯೇನೇ?"

ಅತ್ತೆಯ ಕೈ ಎಡಗೆನ್ನೆಗೆ ಹೋಯಿತು. ಅಲ್ಲಿ ಯಾರೋ ಹೊಡೆದರೇನೋ ಎಂಬಂತೆ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. "ಮಾವ, ಬದುಕಿದೀವಿ" ಎಂದು ಪಿಸುಗುಟ್ಟಿ, ಅತ್ತೆ ಕಿವಿಯಲ್ಲಿ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ. "ಬೇರೆ ಯಾರೂ ಸದ್ದು ಮಾಡ್ಬಾರ್ದು. ಒಬ್ರೂ ಮಾಡ್ಬಾರ್ದು. ತಗಡೂ ಬೇಡ, ಯಾರ್ದು ಅಂತ ಗೊತ್ತಾಗಲ್ಲ. ನೀವು ಕಟ್ಟೆ ತುದೀಲಿ ನಿಂತು ಜೋರಾಗಿ ಮಾತಾಡ್ತಾ ಇರ್ಬೇಕಂತೆ. ನಿಲ್ಲಿಸ್ಬಾರ್ದಂತೆ."

ಆ ಕಡೆಯಿಂದ ಮಾವ ಕೇಳಿದರು, "ಏನ್ ಮಾತಾಡ್ಲಿ?"

ನಾನು ಅತ್ತೆಯನ್ನು ನೋಡಿದೆ. ಅವಳಿಗೆ ಕೇಳಿಸಿತ್ತು. "ಮದ್ವೆ ಆದಾಗಿಂದ ಈ ಪ್ರಶ್ನೆ ಕೇಳಿರ್ಲಿಲ್ಲ ಮನುಷ್ಯ. ಇವತ್ತೇ ಕೇಳ್ಬೇಕಿತ್ತಾ? ಏನಾದ್ರೂ ಸರಿ ಅನ್ನು!"

ಮೇಷ್ಟ್ರು ಫೋನಿಗೆ ಕೈ ಚಾಚಿದರು, ಸದ್ದು ಹೆಚ್ಚಿಸಲು. ಚಾಚಿದವರು ತಾವೇ ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಫೋನಿನಿಂದ ಬರುವ ದನಿಗೆ ದಿಕ್ಕಿರುವುದಿಲ್ಲ.

ದೂರದಲ್ಲಿ ಮಾವ ಗಂಟಲು ಸರಿಮಾಡಿಕೊಂಡರು. ಜೀವಮಾನವಿಡೀ ಕಥೆ ಹೇಳಿದ ಆ ಮನುಷ್ಯನಿಗೆ ಅಂದು ಒಂದು ಕಥೆಯೂ ನೆನಪಾಗಲಿಲ್ಲವಂತೆ. ಕಣ್ಣೆದುರು ಕಂಡಿದ್ದು ಚೀಟಿಯ ಗೂಡಿನ ಮೇಲಿದ್ದ ಸೂಚನೆಯ ಹಲಗೆ. ಅದನ್ನೇ ಓದತೊಡಗಿದರು.

"ದೋಣಿಯಲ್ಲಿ ನಿಂತು ಪ್ರಯಾಣ ಮಾಡಬಾರದು! ನೀರಿಗೆ ಕೈ ಚಾಚಬಾರದು! ಕೋಳಿ, ಮೇಕೆಗಳನ್ನು ಕಟ್ಟಿ ಹಿಡಿದುಕೊಳ್ಳತಕ್ಕದ್ದು!"

ಮೊಟ್ಟೆಯಜ್ಜಿ ಸೆರಗನ್ನು ಇನ್ನೂ ಬಿಗಿ ಮಾಡಿದಳು.

"ಲಂಗರು ಎತ್ತಿ" ಎಂದಳು ಅತ್ತೆ. "ಮೇಷ್ಟ್ರೇ, ನಾನು ಚುಕ್ಕಾಣಿ ಬಿಡೋ ಹಾಗಿಲ್ಲ. ಇಂಜಿನ್ ಹಗ್ಗ ನೀವು ಎಳೀರಿ. ಎಳೆದು, ನಾನು ಅಂದ ತಕ್ಷಣ ಆರ್ಸಿ. ಇಂಜಿನ್ ಇದ್ರೆ ಅವ್ರ ದನಿ ಕೇಳ್ಸಲ್ಲ."

ಮೇಷ್ಟ್ರು ಎಳೆದರು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಲಂಗರು ಮೇಲೆ ಬಂದಿದ್ದರಿಂದ ಈಗ ಹಿಡಿಯುವುದು ಏನೂ ಇರಲಿಲ್ಲ. ದೋಣಿ ಬಲಕ್ಕೆ ಜಾರಿತು. ಮತ್ತೆ ಎಳೆದರು. ಮತ್ತೆ ಕೆಮ್ಮು. ಮೊರೆತದಿಂದ ಎದ್ದ ತುಂತುರು ನನ್ನ ಕತ್ತಿನ ಮೇಲೆ ಬಿತ್ತು. ಮೂರನೆಯ ಸಲ ಮೇಷ್ಟ್ರು ಹಲಗೆಗೆ ಕಾಲು ಕೊಟ್ಟು ಇಡೀ ಮೈಯಿಂದ ಎಳೆದರು, ಅಂಗಿಯ ತೋಳು ಪರ್ರನೆ ಹರಿಯಿತು, ಇಂಜಿನ್ ಹತ್ತಿಕೊಂಡಿತು.

ಅತ್ತೆ ದೋಣಿಯ ಮೂತಿಯನ್ನು ನೀರಿಗೆ ಎದುರಾಗಿ ತಿರುಗಿಸಿದಳು. ಒಂದು ಕ್ಷಣ ದೋಣಿ ಎಲ್ಲಿಗೂ ಹೋಗಲಿಲ್ಲ, ನದಿಯೊಡನೆ ಕೈಕೈ ಮಿಲಾಯಿಸಿ ನಿಂತಲ್ಲೇ ನಿಂತಿತು. ಆಮೇಲೆ ತುಂತುರು ಕಡಿಮೆಯಾಯಿತು.

"ಆರ್ಸಿ."

ಮೌನ. ಮೊರೆತ. ಅದರಾಚೆ, "...ಹಲಗೆಯಿಂದ ಹಲಗೆಗೆ ಓಡಾಡಬಾರದು!"

"ಮೂಗಿಗೆ ಬಂತು. ಎಳೀರಿ."

ಹೀಗೆ ಎಳೆಯುವುದು, ಆರಿಸುವುದು, ಕೇಳುವುದು. ಪ್ರತಿ ಸಲ ಆರಿಸಿದಾಗಲೂ ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಎಲ್ಲರ ಕಣ್ಣು ಮೇಷ್ಟ್ರ ಕೈಯ ಮೇಲೆ. ಪ್ರತಿ ಸಲ ಆರಿಸಿದಾಗಲೂ ಮಾವನ ದನಿ ಸ್ವಲ್ಪ ಹತ್ತಿರ, ಸ್ವಲ್ಪ ಬಲಕ್ಕೆ, ಸ್ವಲ್ಪ ಹೆಚ್ಚು ಒಡೆದು. ಅವರು ಹಲಗೆ ಮುಗಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದರು. ನಡುವೆ ಒಮ್ಮೆ ದನಿ ನಿಂತೇಹೋಯಿತು. ಅತ್ತೆಯ ಮುಖದ ಬಣ್ಣ ಇಳಿಯಿತು. ಮಾವ ನೀರು ಕುಡಿಯುತ್ತಿದ್ದರಂತೆ, ಪಕ್ಕದವರು ಲೋಟ ಕಿತ್ತುಕೊಂಡು "ಓದಿ ಸ್ವಾಮಿ!" ಎಂದು ಗದರಿಸಿದರಂತೆ.

"ದೋಣಿ ನಡೆಸುವವರೊಂದಿಗೆ ಮಾತಾಡಬಾರದು!" ಎಂಬುದು ಕೇಳಿಸಿದಾಗ ದನಿ ಅತ್ತೆಯ ಬಲಗೆನ್ನೆಗೆ ಸರಿಯಾಗಿ ತಾಗುತ್ತಿತ್ತು. ಅವಳು ಅಲ್ಲಿಂದಾಚೆ ಕಣ್ಣು ಮುಚ್ಚಿಯೇ ನಡೆಸಿದಳು.

ಮಂಜಿನಿಂದ ಮೊದಲು ಕಟ್ಟೆಯ ಕಲ್ಲು ಹೊರಬಂತು, ಆಮೇಲೆ ಮಾವನ ಕಾಲು. ಕಟ್ಟೆಯ ತುದಿಯಲ್ಲಿ, ಪಾದದ ಅರ್ಧ ಗಾಳಿಯಲ್ಲಿಟ್ಟುಕೊಂಡು ನಿಂತಿದ್ದರು. ಹಿಂದೆ ಊರಿಗೆ ಊರೇ ಕೈಯಲ್ಲಿ ಪಾತ್ರೆ ಹಿಡಿದು ಉಸಿರು ಬಿಡದೆ ನಿಂತಿತ್ತು. ದೋಣಿ ಕಲ್ಲಿಗೆ ತಾಗಿತು. ಮಾವ ನಮ್ಮನ್ನು ನೋಡುತ್ತಲೇ "ನೀರಿಗೆ ಕೈ ಚಾಚಬಾರದು" ಎನ್ನುತ್ತಿದ್ದರು.

"ಸಾಕು ರೀ" ಎಂದಳು ಅತ್ತೆ. ನಾನು ಕೇಳಿದಂತೆ ಮೊದಲ ಸಲ.

ಮಾವ ಬಾಯಿ ಮುಚ್ಚಿದರು. ಆಗ ದಡವೆಲ್ಲ ಒಮ್ಮೆಲೇ ಬಾಯಿ ಬಿಟ್ಟಿತು, ಅಳು, ನಗು, ಬೈಗುಳ ಎಲ್ಲ ಸೇರಿ. ಮೊಟ್ಟೆಯಜ್ಜಿ ಸೆರಗು ಬಿಚ್ಚಿ ನೋಡಿದಳು. ಕೋಳಿಗೆ ಜೀವವಿತ್ತು, ಕೋಪವೂ ಇತ್ತು. ಎಲ್ಲರೂ ಇಳಿದರು. ಅತ್ತೆ ಮಾತ್ರ ಇಳಿಯಲಿಲ್ಲ, ಅವಳ ಬೆರಳುಗಳು ಚುಕ್ಕಾಣಿಯನ್ನು ಬಿಡಲು ಒಪ್ಪುತ್ತಿರಲಿಲ್ಲ. ಮಾವ ದೋಣಿಗಿಳಿದು ಒಂದೊಂದೇ ಬೆರಳು ಬಿಡಿಸಿದರು.

"ಬಟ್ಟೆ ಅಂದ್ಕೊಂಡೆ ರೀ" ಎಂದಳು ಅವಳು.

ಮಾವ ಏನೋ ಹೇಳಲು ಬಾಯಿ ತೆರೆದರು. ಬರೀ ಗಾಳಿ ಬಂತು.

ಮಧ್ಯಾಹ್ನವೇ ಮೇಲ್ವಿಚಾರಕರು ಗೋಪುರದ ಬಿಳಿ ಬಟ್ಟೆಯ ಮೇಲೆ, ಗಡಿಯಾರದ ಎತ್ತರಕ್ಕೆ, ಅಗಲವಾದ ಕೆಂಪು ಪಟ್ಟಿಯೊಂದನ್ನು ಕಟ್ಟಿಸಿದರು. ಅದು ಕಂಡರೆ ದೋಣಿ, ಕಾಣದಿದ್ದರೆ ಇಲ್ಲ. ಅತ್ತೆ ಅದನ್ನು ನೋಡಿ ತಲೆಯಾಡಿಸಿದಳು. ಮರುದಿನ ಕೆಂಪು ಪಟ್ಟಿ ಚೆನ್ನಾಗಿ ಕಾಣುತ್ತಿತ್ತು, ಬಿಸಿಲೂ ಇತ್ತು. ಅವಳು ದೋಣಿ ಬಿಡಲಿಲ್ಲ. ಅದರ ಮರುದಿನವೂ ಬಿಡಲಿಲ್ಲ. ಜನ ಬಂದು ಗೊಣಗಿ, ನದಿಯ ಮೇಲುಗಡೆ ದೂರದಲ್ಲಿದ್ದ ಸೇತುವೆ ಸುತ್ತಿಕೊಂಡು ಹೋದರು. ಮಾವ ಮನೆಯಲ್ಲಿ ಬಿಸಿನೀರು ಮುಕ್ಕಳಿಸುತ್ತಾ, ಕೈಸನ್ನೆ ಮಾಡುತ್ತಾ ಓಡಾಡುತ್ತಿದ್ದರು. ಅತ್ತೆಗೆ ಹೆದರಿಕೆ ಹೊಕ್ಕಿತೆಂದೇ ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಹಿತ್ತಿಲಿನಿಂದ ಮಾವನ ದನಿ ಕೇಳಿಸಿತು, ತುಕ್ಕು ಹಿಡಿದ ಬಾಗಿಲಿನಂತೆ. "ಪುಟ್ಟೀ, ನನ್ನ ಚಪ್ಪಲಿ ಎಲ್ಲಿ?"

ಅತ್ತೆ ಆ ದನಿಗೇ ಕಾಯುತ್ತಿದ್ದವಳಂತೆ ಒಲೆ ಆರಿಸಿ ಎದ್ದಳು. ಮಾವನನ್ನು ದಡದ ಮೇಲೆ ನಿಲ್ಲಿಸಿ, ತಾನು ಖಾಲಿ ದೋಣಿಯನ್ನು ಸ್ವಲ್ಪ ದೂರ ಒಯ್ದು, ಇಂಜಿನ್ ಆರಿಸಿ, ಕಣ್ಣು ಮುಚ್ಚಿ ಕೂತಳು.

"ಓದಿ" ಎಂದಳು.

"ಹಲಗೆ ಆ ಕಡೆ ಕಟ್ಟೇಲಿದೆಯಲ್ಲೇ!"

"ಬಾಯಿಪಾಠ ಆಗಿಲ್ವಾ ಇನ್ನೂ?"

ಮಾವ ಸೊಂಟದ ಮೇಲೆ ಕೈಯಿಟ್ಟು ಶುರು ಮಾಡಿದರು. ಅತ್ತೆ ಮುಖ ಓರೆ ಮಾಡಿದಳು.

"ಇನ್ನೂ ಜೋರಾಗಿ" ಎಂದಳು.